ಮುಂಬಯಿಗೆ ಹೋದ ಹಸಿರು ಚಹಾ

ಪಾಸ್‌ಪೋರ್ಟ್ ಮಾಡಿಸಿಕೊಂಡು ವರ್ಷಗಳೇ ಆದವು. ಅದರಲ್ಲಿ ಇನ್ನೂ ಒಂದು ಮುದ್ರೆ ಬಿದ್ದಿಲ್ಲ. ಧಾರವಾಡದ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತ ಜಪಾನಿನ ದ್ವೀಪಗಳನ್ನು ಬೋರ್ಡಿನ ಮೇಲೆ ಬರೆದು ಬರೆದು ಕೈ ಪಳಗಿತು, ಕಾಲು ಮಾತ್ರ ಅತ್ತ ಹೋಗಲಿಲ್ಲ. ಹಾಗಾಗಿ ನನ್ನ ಪರದೇಶ ಪ್ರವಾಸವೆಂದರೆ ಮುಂಬಯಿಯೇ. ನಗುವವರು ನಗಲಿ. ಭಾಷೆ ಬೇರೆ, ಊಟದ ಹೊತ್ತು ಬೇರೆ, ನಡೆಯುವ ವೇಗ ಬೇರೆ, ಎದುರಿಗೆ ಬಂದವರ ಮುಖ ನೋಡುವ ಪದ್ಧತಿಯಂತೂ ಇಲ್ಲವೇ ಇಲ್ಲ. ಪರದೇಶ ಎನ್ನಲು ಇನ್ನೇನು ಬೇಕು?

ಹೋದದ್ದು ಊರು ನೋಡಲಿಕ್ಕಲ್ಲ, ಒಂದು ಮನೆ ನೋಡಲಿಕ್ಕೆ. ನನ್ನ ತಮ್ಮ ಈರಣ್ಣ ಆಂಟಾಪ್ ಹಿಲ್‌ನಲ್ಲಿದ್ದಾನೆ; ಕಟ್ಟಡಗಳಿಗೆ ಬಣ್ಣ ಹಚ್ಚಿಸುವ ಗುತ್ತಿಗೆ ಅವನದು. ಹೆಂಡತಿ ತೀರಿಕೊಂಡ ಮೇಲೆ ಮಗಳು ಸವಿತಾಳನ್ನು ಒಬ್ಬನೇ ಬೆಳೆಸಿದ. ಅವಳೀಗ ಚೆಂಬೂರಿನಲ್ಲಿ ರಕ್ತ ತಪಾಸಣೆಯ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತಾಳೆ. ಅಂಧೇರಿಯ ಮಲ್ಲೇಶ ಎಂಬ ಹುಡುಗ ಅವಳ ಮನಸ್ಸಿಗೆ ಬಂದಿದ್ದ, ಅವನ ಮನಸ್ಸಿಗೆ ಇವಳು. ಹುಡುಗ ಸಿನಿಮಾ, ಸೀರಿಯಲ್ ಶೂಟಿಂಗ್‌ಗಳಲ್ಲಿ ಲೈಟ್‌ಮನ್. ಮನೆಯವರು ನಮ್ಮ ಬಾಗಲಕೋಟೆ ಕಡೆಯವರೇ. ಎರಡೂ ಮನೆಯವರನ್ನು ಬಲ್ಲ, ತಮ್ಮನ ಪಕ್ಕದ ಮನೆಯ ಖೈರುನ್‌ಬಿ ನಡುವೆ ನಿಂತು ಮಾತು ಆಡಿಸಿದ್ದಳು. ಉಳಿದದ್ದು ಹೆಣ್ಣಿನ ಕಡೆಯ ಹಿರಿಯರು ಹೋಗಿ ಹುಡುಗನ ಮನೆ ನೋಡಿ ಒಪ್ಪುವುದೊಂದೇ. ತಾಯಿಯಿಲ್ಲದ ಹುಡುಗಿಗೆ ಹಿರಿಯಳು ನಾನು.

"ನೀ ಬಂದು ನೋಡಿ ಹೂಂ ಅಂದ್ರ ಮುಗೀತಕ್ಕಾ. ನನಗ ಒಬ್ಬಾವಗ ಏನೂ ತಿಳಿಯಂಗಿಲ್ಲ," ಎಂದು ತಮ್ಮ ಫೋನಿನಲ್ಲಿ ಹೇಳಿದ. ಮದುವೆಯ ಗೊಡವೆಗೇ ಹೋಗದ ನನ್ನನ್ನು ಮದುವೆಯ ತೀರ್ಪಿಗೆ ಕರೆಯುತ್ತಾನಲ್ಲ ಎಂದು ನಗು ಬಂತು. ಆದರೂ ಎರಡು ಸೀರೆ, ಒಂದು ಥರ್ಮಾಸ್, ಹಸಿರು ಚಹಾದ ಡಬ್ಬಿ ಚೀಲಕ್ಕೆ ಹಾಕಿಕೊಂಡು ರೈಲು ಹತ್ತಿದೆ.

ದಾದರ್

ದಾದರಿನ ಸೇತುವೆಯ ಮೇಲೆ ನಾನು ಮಾಡಿದ ಮೊದಲ ಅಪರಾಧ, ನಿಂತದ್ದು. ಚೀಲವನ್ನು ಎಡಗೈಯಿಂದ ಬಲಗೈಗೆ ದಾಟಿಸಿಕೊಳ್ಳಲು ಒಂದು ಗಳಿಗೆ ನಿಂತೆ. ಹಿಂದಿನಿಂದ ಒಬ್ಬಳು ಡಿಕ್ಕಿ ಹೊಡೆದಳು, ಅವಳಿಗೆ ಇನ್ನೊಬ್ಬ, ಅವನಿಗೆ ಒಂದು ಮೀನಿನ ಬುಟ್ಟಿ. "ಮಾವಶಿ, ಥಾಂಬೂ ನಕಾ," ಎಂದರು ಯಾರೋ. ಬೈಗುಳವಲ್ಲ, ಸಿಟ್ಟೂ ಇರಲಿಲ್ಲ. ನಮ್ಮಲ್ಲಿ ಬಿಸಿಲಿದೆ, ಕೊಡೆ ಹಿಡಿದುಕೊ ಎನ್ನುತ್ತಾರಲ್ಲ, ಅಷ್ಟು ಸಹಜವಾಗಿ ಇಲ್ಲಿ ನಿಲ್ಲಬೇಡ ಎನ್ನುತ್ತಾರೆ.

ನಾನು ಹುಟ್ಟಾ ಚಡಪಡಿಕೆಯವಳು. ಸ್ಟಾಫ್ ರೂಮಿನಲ್ಲಿ ಉಳಿದವರು ಕುರ್ಚಿಗೆ ಅಂಟಿಕೊಂಡು ಹರಟುವಾಗ ನಾನು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಸುತ್ತುತ್ತಿದ್ದೆ. "ಟೀಚರ್, ನಿಮ್ಮ ಕಾಲಿಗೆ ಚಕ್ರ ಐತೇನ್ರಿ," ಎಂದು ಹುಡುಗಿಯರು ಕೇಳುತ್ತಿದ್ದರು. ಅಂಥ ನನಗೆ ಮುಂಬಯಿ ಹೊಂದಬೇಕಿತ್ತು. ಹೊಂದಲಿಲ್ಲ. ಎಲ್ಲರೂ ಚಡಪಡಿಸುವ ಊರಿನಲ್ಲಿ ನನ್ನ ಚಡಪಡಿಕೆಗೆ ಜಾಗವೇ ಇರಲಿಲ್ಲ.

ತಮ್ಮ ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಕಾದಿದ್ದ. ಚೀಲ ಕಸಿದುಕೊಂಡು, "ಚಲ್ ಅಕ್ಕಾ, ಟ್ಯಾಕ್ಸಿ ಹೊಕ್ಕೈತಿ," ಎಂದು ಓಡಿದ. ಕುಶಲ ಕೇಳಿದ್ದು ಟ್ಯಾಕ್ಸಿಯಲ್ಲಿ ಕೂತ ಮೇಲೆ.

ಆಂಟಾಪ್ ಹಿಲ್

ಹಸಿರು ಚಹಾ ಎಂದರೆ ತೂಕ ಇಳಿಸುವ ಕಷಾಯ ಎಂದು ತಿಳಿದವರಿಗೆ ಎರಡು ಮಾತು ಹೇಳಬೇಕು. ನನಗೆ ತೂಕದ ಚಿಂತೆಯಿಲ್ಲ. ನಾನು ಅದನ್ನು ಕುಡಿಯುವುದು ಅದು ನನ್ನನ್ನು ಕೂರಿಸುತ್ತದೆ ಎಂಬ ಕಾರಣಕ್ಕೆ. ಹಾಲಿನ ಚಹಾವನ್ನು ನಿಂತು ಕುಡಿಯಬಹುದು, ಬಸ್ಸಿಗೆ ಓಡುತ್ತ ಕುಡಿಯಬಹುದು, ಜಗಳವಾಡುತ್ತಲೂ ಕುಡಿಯಬಹುದು. ಇದನ್ನು ಹಾಗೆ ಕುಡಿಯಲಾಗುವುದಿಲ್ಲ. ನೀರು ಕುದ್ದ ಮೇಲೆ ಮುಚ್ಚಳ ತೆಗೆದು ಕಾಯಬೇಕು. ಕುದಿಯುವ ನೀರನ್ನೇ ಸುರಿದಿರೋ, ಎಲೆ ಸಿಟ್ಟಾಗಿ ಕಹಿ ಕಕ್ಕುತ್ತದೆ. ಉಗಿ ಸ್ವಲ್ಪ ತಣಿದ ಮೇಲೆ ಎಲೆಯ ಮೇಲೆ ಹಾಕಿ ಮತ್ತೆ ಕಾಯಬೇಕು. ಮುದುರಿ ಒಣಗಿದ್ದ ಎಲೆ ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ. ಹೆಸರುಕಾಳು ಬೇಯುವಾಗ ಅಡುಗೆಮನೆ ತುಂಬುವಂಥ ವಾಸನೆ ಏಳುತ್ತದೆ. ಮೊದಲ ಗುಟುಕು ಒಗರು. ನುಂಗಿದ ಮೇಲೆ ನಾಲಗೆಯ ಬುಡದಲ್ಲಿ, ನೆಲ್ಲಿಕಾಯಿ ತಿಂದು ನೀರು ಕುಡಿದಾಗ ಬರುವಂಥ ಒಂದು ಸಣ್ಣ ಸಿಹಿ. ಅದೇ ಎಲೆಗೆ ಎರಡನೆಯ ಸಲ ನೀರು ಹಾಕಿದರೆ ಒಗರು ಹೋಗಿ ಆ ಸಿಹಿಯೇ ಮುಂದೆ ಬರುತ್ತದೆ. ಆ ಎರಡನೆಯ ಲೋಟ ನನಗೆ ಪ್ರಾಣ. ಅದು ಮುಗಿಯುವ ತನಕ ನಾನು ಎದ್ದವಳಲ್ಲ.

ಈರಣ್ಣನ ಮನೆಯಲ್ಲಿ ಇದು ನಡೆಯುವ ಮಾತಾಗಿರಲಿಲ್ಲ. ನಲ್ಲಿಯಲ್ಲಿ ನೀರು ಬೆಳಗಿನ ಜಾವ ಬರುತ್ತದೆ, ಬಂದಾಗ ಇಡೀ ಮನೆ ಕೊಡ, ಬಕೆಟ್, ಡ್ರಮ್ ಹಿಡಿದು ಓಡಾಡುತ್ತದೆ. ಗ್ಯಾಸಿನ ಒಂದು ಉರಿಯ ಮೇಲೆ ಸವಿತಾಳ ಡಬ್ಬಿಯ ಪಲ್ಯ, ಇನ್ನೊಂದರ ಮೇಲೆ ಸ್ನಾನದ ನೀರು. ನಾನು ಪಾತ್ರೆಯ ಮುಚ್ಚಳ ತೆಗೆದು ಕಾಯುತ್ತ ನಿಂತರೆ ಮೂವರಿಗೆ ಅಡ್ಡ. ಎರಡನೆಯ ದಿನ ತಮ್ಮ ಪ್ರೀತಿಯಿಂದ ತಾನೇ ಚಹಾ ಮಾಡಿ ತಂದ. ನನ್ನ ಕೂನೂರಿನ ಎಲೆಯನ್ನು ಶುಂಠಿ, ಸಕ್ಕರೆ ಹಾಕಿ ಕೊತಕೊತ ಕುದಿಸಿ, ಕೊನೆಗೆ ಕೈ ತಡೆಯಲಾರದೆ ನಾಲ್ಕು ಹನಿ ಹಾಲನ್ನೂ ಬಿಟ್ಟಿದ್ದ. ಬಣ್ಣ ನೋಡಿದರೆ ಅವನ ಗುತ್ತಿಗೆಯ ಕಟ್ಟಡಗಳ ನೆನಪಾಗುತ್ತಿತ್ತು.

"ಹಾಲ ಇಲ್ಲದ ಚಹಾ ಹೆಂಗ ಕೊಡೂದಕ್ಕಾ ನಿನಗ? ಜನಾ ಏನಂದಾರು," ಎಂದ.

ಕುಡಿದೆ. ತಮ್ಮನಲ್ಲವೇ.

ಅಂಧೇರಿ

ಮರುದಿನ ವಡಾಲಾದಿಂದ ಲೋಕಲ್ ಹಿಡಿದು ಈರಣ್ಣ, ಖೈರುನ್‌ಬಿ, ನಾನು ಅಂಧೇರಿಗೆ ಹೋದೆವು. ಹುಡುಗಿ ಬರುವ ಪದ್ಧತಿಯಿಲ್ಲ, ಸವಿತಾ ಲ್ಯಾಬಿಗೆ ಹೋದಳು. ಲೇಡೀಸ್ ಡಬ್ಬಿಯಲ್ಲಿ ನನ್ನ ಥರ್ಮಾಸ್ ನೋಡಿ ಪಕ್ಕದವಳು ಒಳಗೇನು ಎಂದು ಕೇಳಿದಳು. ಗ್ರೀನ್ ಟೀ ಎಂದೆ. "ವಜನ್ ಕಮ್ ಹುವಾ ಕ್ಯಾ?" ಎಂದು ನನ್ನನ್ನು ಮೇಲಿಂದ ಕೆಳಗೆ ಅಳೆದಳು. ತೂಕ ಇಳಿದಿಲ್ಲವೆಂಬುದು ಅವಳಿಗೆ ಕಂಡಿತು. ಮಾತು ಅಲ್ಲಿಗೇ ನಿಂತಿತು.

ಮಲ್ಲೇಶನ ಮನೆ ಒಂದು ಹಳೆಯ ಚಾಳಿನ ಮೇಲ್ಮಹಡಿಯಲ್ಲಿತ್ತು. ಕಡಿದಾದ ಮರದ ಮೆಟ್ಟಿಲು, ಉದ್ದನೆಯ ಪಡಸಾಲೆ, ಒಂದೇ ಕೋಣೆ, ಅದಕ್ಕಂಟಿದ ಸಣ್ಣ ಅಡುಗೆಮನೆ. ತಾಯಿ ಶಾಂತವ್ವ ಇಳಕಲ್ ಸೀರೆ ಉಟ್ಟು ಬಾಗಿಲಲ್ಲೇ ನಿಂತಿದ್ದಳು. ಗಂಡ ಇಲ್ಲ, ಒಬ್ಬನೇ ಮಗ. ಮಲ್ಲೇಶ ರಾತ್ರಿ ಪಾಳಿಯ ಶೂಟಿಂಗ್ ಮುಗಿಸಿ ನೇರ ಬಂದವನು, ಕಣ್ಣು ಕೆಂಪಗಿದ್ದವು. ನಮಸ್ಕಾರ ಮಾಡಿ ಗೋಡೆಗೊರಗಿ ಕೂತ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟ.

"ದಿನಾ ರಾತ್ರಿನ ಕೆಲಸೇನಪಾ?" ಎಂದು ಕೇಳಿದೆ.

"ದಿನಾ ಅಲ್ರಿ. ಒಂದೊಂದು ವಾರ ಹಗಲು, ಒಂದೊಂದು ವಾರ ರಾತ್ರಿ. ಕೆಲವು ಸಲ ಕೆಲಸನ ಇರಂಗಿಲ್ರಿ," ಎಂದ. ಮುಚ್ಚುಮರೆ ಇಲ್ಲದ ಮಾತು. ಆದರೆ ಆ ಮಾತು ಕೇಳಿ ನನ್ನ ಮನಸ್ಸು ಒಳಗೇ ಓಡಾಡಲು ಶುರುಮಾಡಿತು. ಸವಿತಾ ಬೆಳಗ್ಗೆ ಏಳಕ್ಕೆ ಮನೆ ಬಿಡುವವಳು, ಇವನು ಏಳಕ್ಕೆ ಮನೆಗೆ ಬರುವವನು. ಒಬ್ಬರನ್ನೊಬ್ಬರು ಮೆಟ್ಟಿಲ ಮೇಲೆ ಕಾಣುತ್ತಾರೋ ಏನೋ. ಈ ಒಂದು ಕೋಣೆಯಲ್ಲಿ ಹಗಲು ನಿದ್ದೆ ಮಾಡುವವನ ಸುತ್ತ ಅತ್ತೆ ಸೊಸೆ ಕಾಲ್ಬೆರಳ ಮೇಲೆ ನಡೆಯಬೇಕು.

ಅಷ್ಟರಲ್ಲಿ ಶಾಂತವ್ವ ಚಹಾ ತಂದಳು. ಹೊಸ ಕಪ್-ಬಸಿ, ಕೆನೆಗಟ್ಟಿದ ಚಹಾ, ಏಲಕ್ಕಿಯ ಘಮ. ನಾನು ಅಂಗೈ ಅಡ್ಡ ಹಿಡಿದು, "ನಾ ಹಾಲಿನ ಚಹಾ ಕುಡಿಯೂದಿಲ್ರಿ. ಒಂದೀಟು ಬಿಸಿನೀರ ಇದ್ರ ಕೊಡ್ರಿ, ಸಾಕು," ಎಂದೆ. ಚೀಲದಿಂದ ಡಬ್ಬಿಯನ್ನೂ ತೆಗೆದೆ.

ಖೈರುನ್‌ಬಿ ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದಳು. ಅವಳಿಗೆ ಕೂರಲು ಜಾಗ ಸಾಲದು ಎಂದುಕೊಂಡು ಆಚೆ ಸರಿದೆ. ಮತ್ತೆ ತಿವಿದಳು. ಮತ್ತೆ ಸರಿದೆ. ಶಾಂತವ್ವ ಕಪ್ಪಿನ ಮೇಲೆ ಬಸಿ ಮುಚ್ಚಿ ಒಳಗೆ ಒಯ್ದಳು. ಸ್ಟೀಲ್ ಲೋಟದಲ್ಲಿ ಬಿಸಿನೀರು ತಂದಿಟ್ಟಳು. ನಾನು ಎಲೆ ಹಾಕಿ ಅದು ಬಿಚ್ಚಿಕೊಳ್ಳುವುದನ್ನು ನೋಡುತ್ತ ಕೂತೆ. ಕೋಣೆಯಲ್ಲಿ ಯಾರೂ ಮಾತಾಡುತ್ತಿಲ್ಲ ಎಂಬುದು ತಿಳಿದರೂ, ಚಹಾ ನೆನೆಯುವ ಹೊತ್ತಿನಲ್ಲಿ ಮೌನ ನನಗೆ ಹೊಸದಲ್ಲವಾದ್ದರಿಂದ ವಿಚಿತ್ರ ಅನ್ನಿಸಲಿಲ್ಲ. ಮುಂಬಯಿಯಲ್ಲಿ ಅಂಥ ಚಂದದ ಚಹಾ ನನಗೆ ಅಲ್ಲಿಯವರೆಗೆ ಸಿಕ್ಕಿರಲಿಲ್ಲ. ಎರಡನೆಯ ಸಲ ನೀರು ಕೇಳಿ ಕುಡಿದೆ.

ಮತ್ತೆ ಆಂಟಾಪ್ ಹಿಲ್

ಮರುದಿನ ಬೆಳಗ್ಗೆ ಖೈರುನ್‌ಬಿ ಬಾಗಿಲಿಗೆ ಬಂದು ನಿಂತಳು. ವಿಜಯಪುರದ ಕಡೆಯ ಹೆಂಗಸು; ಮನೆಯಲ್ಲಿ ದಖ್ಖನಿ, ನಮ್ಮ ಜೊತೆ ಕನ್ನಡ, ಸಿಟ್ಟು ಬಂದಾಗ ಎರಡೂ ಕೂಡಿಸಿ.

"ಚಾ ಕೈಕು ನೈ ಪಿಯೆ ಆಪಾ ತುಮೆ? ಯಾಕ ಕುಡೀಲಿಲ್ರಿ? ಶಾಂತವ್ವಂದು ಫೋನ್ ಬಂದಿತ್ತು. ನಿಮಗ ಮನಸ್ಸಿಲ್ಲ ಅಂತ ಗೊತ್ತಾತಂತ. ಸೊಲ್ಲಾಪುರದಾವ್ರು ತಮ್ಮ ಹುಡುಗೀಗೆ ಮಲ್ಲೇಶನ್ನ ಕೇಳಾಕತ್ತಿದ್ರಂತ, ರವಿವಾರ ಬರ್ರಿ ಅಂತ ಅವರಿಗೆ ಹೇಳ್ಯಾಳಂತ."

ಆಗ ಹೊಳೆಯಿತು. ಹುಡುಗನ ಮನೆ ನೋಡಲು ಹೋದ ಹೆಣ್ಣಿನ ಕಡೆಯ ಹಿರಿಯರು, ಮನೆ ಮನಸ್ಸಿಗೆ ಬಂದರೆ ಅಲ್ಲಿಯ ಚಹಾ ಕುಡಿಯುತ್ತಾರೆ. ಬರದಿದ್ದರೆ ಹೊಟ್ಟೆ ಸರಿಯಿಲ್ಲ, ಈಗಷ್ಟೇ ಕುಡಿದು ಬಂದೆವು ಎಂದು ಏನೋ ನೆವ ಹೇಳಿ, ಮುಟ್ಟದೆ ಎದ್ದು ಬರುತ್ತಾರೆ. ಬೇಡ ಎಂದು ಬಾಯಿ ಬಿಟ್ಟು ಹೇಳುವ ಕಷ್ಟ ಯಾರಿಗೂ ಆಗದಿರಲೆಂದು ನಮ್ಮ ಹಿರಿಯರು ಮಾಡಿಕೊಂಡ ಉಪಾಯ. ನಮ್ಮವ್ವನ ಕಾಲದಲ್ಲಿ ಇದನ್ನು ಕಣ್ಣಾರೆ ಕಂಡಿದ್ದೆ. ಧಾರವಾಡದಲ್ಲಿ ಈಗ ಯಾರು ಇದನ್ನೆಲ್ಲ ಲೆಕ್ಕಕ್ಕಿಡುತ್ತಾರೆ? ಹುಡುಗ ಹುಡುಗಿ ಹೋಟೆಲಿನಲ್ಲಿ ಕಾಫಿ ಕುಡಿದು ಮನೆಗೆ ಫೋನ್ ಮಾಡುತ್ತಾರೆ. ಊರಿನಲ್ಲಿ ಇರುವ ನಾವು ಬಿಟ್ಟುಬಿಟ್ಟದ್ದನ್ನು ಊರು ಬಿಟ್ಟು ಬಂದ ಇವರು ಗಂಟು ಕಟ್ಟಿ ಇಟ್ಟುಕೊಂಡಿದ್ದಾರೆ. ನಾನು ಪರದೇಶ ಎಂದು ನಕ್ಕಿದ್ದ ಊರಿನಲ್ಲಿ ನಮ್ಮದೇ ರೀತಿ ತಿಳಿಯದ ಪರದೇಶಿ ನಾನೇ ಆಗಿದ್ದೆ.

"ಫೋನ್ ಮಾಡಿ ಹೇಳತೀನಿ, ನನ್ನ ಚಹಾನ ಬ್ಯಾರೆ ಅಂತ," ಎಂದೆ.

ಈರಣ್ಣ ತಲೆ ಎತ್ತದೆ, "ಬ್ಯಾಡಕ್ಕಾ. ಫೋನಿನ್ಯಾಗ ಹೇಳಿದ್ರ ನೆವಕ್ಕ ಇನ್ನೊಂದು ನೆವ ಹೇಳಿದಂಗ ಆಕ್ಕೈತಿ," ಎಂದ. ಬಯ್ಯಲಿಲ್ಲ. ಬಯ್ದಿದ್ದರೆ ಉತ್ತರ ಕೊಡುತ್ತಿದ್ದೆ. ಸವಿತಾ ಡಬ್ಬಿ ಕಟ್ಟಿಕೊಂಡು ಹೊರಟಳು. ದಿನವೂ "ಬರ್ತೀನತ್ತಿ" ಎಂದು ಹೇಳಿ ಹೋಗುವವಳು ಅಂದು ಚಪ್ಪಲಿ ಮೆಟ್ಟುವಾಗ ಕೂಡ ಇತ್ತ ನೋಡಲಿಲ್ಲ.

ಅಂದು ಶುಕ್ರವಾರ. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ನೀರು ಕಾಯಿಸಿದೆ, ಎಲೆ ಹಾಕುವುದನ್ನು ಮರೆತು ಬರೀ ನೀರು ಕುಡಿದೆ. ಕೊನೆಗೆ ತಮ್ಮ ಕೆಲಸಕ್ಕೆ ಹೋದದ್ದೇ ತಡ, ಸೆರಗು ಸಿಕ್ಕಿಸಿಕೊಂಡು ಒಬ್ಬಳೇ ಹೊರಟೆ. ಶಾಂತವ್ವನ ಎದುರು ಕೂತು ಹೇಳುವುದೇ ಸರಿ ಅನ್ನಿಸಿತು.

ಚೆಂಬೂರು

ವಡಾಲಾ ಸ್ಟೇಷನ್ನಿನಿಂದ ಒಂದೇ ಬಣ್ಣದ, ಒಂದೇ ರೂಪದ ಗಾಡಿಗಳು ಎರಡು ಕಡೆಗೆ ಒಡೆಯುತ್ತವೆ. ಕೆಲವು ಅಂಧೇರಿಯತ್ತ, ಕೆಲವು ಪನ್ವೇಲಿನತ್ತ. ಗಾಡಿ ಬಂತು, ಹಿಂದಿನವರು ತಳ್ಳಿದರು, ಹತ್ತಿದೆ. ಸ್ಟೇಷನ್ನಿನ ಹೆಸರುಗಳು ಬೇರೆಯಾಗಿ ಕಂಡಾಗ ಪಕ್ಕದ ಹುಡುಗಿಯನ್ನು ಕೇಳಿದೆ.

"ಅಂಧೇರಿ? ಯೇ ತೋ ಪನ್ವೇಲ್ ಹೈ ಆಂಟಿ."

ಜನ್ಮವೆಲ್ಲ ಮಕ್ಕಳಿಗೆ ದಿಕ್ಕು ಕಲಿಸಿದವಳು ನಾನು. ಕುರ್ಲಾದಲ್ಲಿ ಇಳಿಯಲು ಹೋದರೆ ಹತ್ತುವವರ ಅಲೆ ನನ್ನನ್ನು ಮತ್ತೆ ಒಳಕ್ಕೇ ಒತ್ತಿತು. ಚೆಂಬೂರಿನಲ್ಲಿ ಇಬ್ಬರು ಹೆಂಗಸರು ಎರಡು ತೋಳು ಹಿಡಿದು ಇಳಿಸಿದರು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು, ಅವಮಾನ ನುಂಗಿಕೊಂಡು ಸವಿತಾಳಿಗೆ ಫೋನ್ ಮಾಡಿದೆ. ಅವಳ ಲ್ಯಾಬ್ ಅಲ್ಲಿಂದ ಎರಡು ಓಣಿಯಾಚೆ.

ಬಿಳಿ ಕೋಟಿನಲ್ಲೇ ಬಂದಳು. ಮುಖ ಬಿಗಿದಿತ್ತು. ಆದರೂ ನನ್ನ ಚೀಲ ತೆಗೆದುಕೊಂಡು, "ಉಂಡೀ?" ಎಂದು ಕೇಳಿದಳು. ಹತ್ತಿರದ ಒಂದು ಇಡ್ಲಿ ಹೋಟೆಲಿಗೆ ಕರೆದೊಯ್ದಳು. ನಾನು ಎರಡು ಲೋಟ ಬಿಸಿನೀರು ಕೇಳಿದೆ. ಮಾಣಿ ಉಡುಪಿ ಕಡೆಯವನು, "ಹಾಲು ಬೇಡ್ವಾ ಅಮ್ಮ? ಬರೀ ನೀರು ಮಾತ್ರವಾ?" ಎಂದು ಎರಡೆರಡು ಸಲ ಕೇಳಿದ. ನನ್ನ ಹಿಂದೆ ಬಿದ್ದಿದೆ ಈ ಹಾಲು ಎಂದುಕೊಂಡೆ.

ನೀರು ಬಂತು. ಸುಡುತ್ತಿತ್ತು. ತಣಿಯಲೆಂದು ಕಾದೆವು. ಕೈಗೆ ಕೆಲಸವಿಲ್ಲದ, ಎದ್ದು ಹೋಗಲೂ ಆಗದ ಹೊತ್ತು ಅದು. ಮನೆಯಲ್ಲಿ ಅಷ್ಟು ದಿನ ಕೊಡ, ಬಕೆಟ್ಟುಗಳ ನಡುವೆ ಸಿಗದಿದ್ದ ಹೊತ್ತು. ಸವಿತಾ ಲೋಟವನ್ನೇ ನೋಡುತ್ತ ಮಾತು ತೆಗೆದಳು. ಅವಳ ಕನ್ನಡ ತಡವರಿಸುತ್ತದೆ. ಸಿಗದ ಶಬ್ದಕ್ಕೆ ಹಿಂದಿ ಹಾಕಿ ದಾಟುತ್ತಾಳೆ.

"ಅತ್ತಿ, ಸಚ್ ಹೇಳು. ನಿನ್ನೆ ನೀ ಗ್ರೀನ್ ಟೀ ಸಲವಾಗಿನ ಬ್ಯಾಡ ಅಂದಿ, ಇಲ್ಲಾ ಮನಸಿನ್ಯಾಗ ಬ್ಯಾರೆ ಕುಛ್ ಇತ್ತು?"

"ಗ್ರೀನ್ ಟೀ ಸಲವಾಗಿನ," ಎಂದೆ ಥಟ್ಟನೆ. ಅಷ್ಟು ಥಟ್ಟನೆ ಬಂದದ್ದಕ್ಕೇ ನನಗೆ ಅನುಮಾನ ಬಂತು.

ಎಲೆ ಹಾಕಿದೆ. ಅದು ಬಿಚ್ಚಿಕೊಳ್ಳುತ್ತಿರುವಾಗ ಅಂಧೇರಿಯ ಆ ಕೋಣೆ ಕಣ್ಮುಂದೆ ಬಂತು. ಕಪ್ಪು ಎದುರಿಗೆ ಬಂದಾಗ ನನ್ನ ಅಂಗೈ ಬಲು ಬೇಗ ಅಡ್ಡ ಬಂದಿತ್ತು. ತಮ್ಮ ಕುದಿಸಿ ಕೊಟ್ಟ ಆ ರಾಡಿಯನ್ನು ಕುಡಿದವಳು ನಾನು. ಬೀಗಿತ್ತಿಯಾಗುವವಳ ಏಲಕ್ಕಿ ಚಹಾವನ್ನು ಒಂದು ದಿನದ ಮಟ್ಟಿಗೆ ಕುಡಿಯಲಾರದಷ್ಟು ನೇಮದವಳೇನಲ್ಲ. ರಾತ್ರಿ ಪಾಳಿ, ಒಂದು ಕೋಣೆ, ಕೆಲಸವಿಲ್ಲದ ವಾರಗಳು ನನ್ನೊಳಗೆ ಓಡಾಡುತ್ತಿದ್ದವು. ಹೂಂ ಅನ್ನಲು ಧೈರ್ಯವಿರಲಿಲ್ಲ, ಊಹೂಂ ಅನ್ನಲು ಕಾರಣ ಸಾಲದು. ನಾನು ಇಷ್ಟಪಡುವ ಒಂದೇ ಒಂದು ಪಾನೀಯದ ಹಿಂದೆ ಹೋಗಿ ಅಡಗಿಕೊಂಡಿದ್ದೆ. ಶಾಂತವ್ವ ತಪ್ಪು ತಿಳಿದಿರಲಿಲ್ಲ. ನನಗಿಂತ ಮೊದಲೇ ಸರಿಯಾಗಿ ತಿಳಿದಿದ್ದಳು.

"ಸಂಶಯ ಇತ್ತು ಸವಿತಾ," ಎಂದೆ. "ಅಂವಂದು ರಾತ್ರಿ ಕೆಲಸ, ನಿಂದು ಹಗಲು. ನೀವಿಬ್ರೂ ಯಾವಾಗ ಕೂಡಿ ಉಣ್ಣಾವ್ರು? ನನಗ ಹೆದರಿಕಿ ಆತು."

"ತೋ ಹಂಗ ಹೇಳಬೇಕಿತ್ತು ನಾ. ನೋ ಅಂದಿದ್ರ ನಾ ಜಗಳಾ ಮಾಡತಿದ್ದೆ ನಿನ್ನ ಜೋಡಿ. ತಪ್ಪು ಚಹಾದ ಮ್ಯಾಲೆ ಮತ್ ಡಾಲೋ, ಹಾಕಬ್ಯಾಡ." ಅವಳ ಕಣ್ಣು ತುಂಬಿದ್ದವು, ದನಿ ಮಾತ್ರ ಗಟ್ಟಿ ಇತ್ತು.

"ಹಂಗಾದ್ರ ಈಗ ಜಗಳಾ ಮಾಡು. ಅಂವನ ಯಾಕ ಬೇಕು ನಿನಗ?"

ಅವಳು ಒಂದು ಗುಟುಕು ಕುಡಿದಳು. ಮುಖ ಕಿವಿಚಿ, "ಪಾಲಕ್ ಕಾ ಪಾನಿ," ಎಂದಳು. ಆಮೇಲೆ ನಿಧಾನಕ್ಕೆ ಹೇಳಿದಳು. "ಅಂವ ಕುಂದರ್ತಾನ ಅತ್ತಿ. ಇಲ್ಲಿ ಯಾರೂ ಕುಂದ್ರಂಗಿಲ್ಲ. ಪಪ್ಪಾ ಮಾತಾಡ್ಕೋತ ಫೋನ್ ನೋಡ್ತಾನ, ಲ್ಯಾಬ್‌ನ್ಯಾಗ ಎಲ್ಲಾರೂ ಜಲ್ದಿ ಜಲ್ದಿ. ಮಮ್ಮೀ ಬಗ್ಗೆ ನಾ ಯಾರ ಮುಂದೂ ಹೇಳಿರಲಿಲ್ಲ. ಅವನ ಮುಂದ ಹೇಳ್ದೆ. ಸ್ಟೇಷನ್ ಬೆಂಚ್ ಮ್ಯಾಲೆ. ಎಷ್ಟು ಗಾಡಿ ಹೋದ್ವು, ಅಂವ ಏಳಲಿಲ್ಲ. ಕೆಲಸಕ್ಕ ಲೇಟ್ ಆತು, ತೋ ಭೀ ಏಳಲಿಲ್ಲ."

ಆ ಹುಡುಗ ಗೋಡೆಗೊರಗಿ ಕೂತಿದ್ದ ರೀತಿ ನೆನಪಾಯಿತು. ರಾತ್ರಿಯೆಲ್ಲ ನಿದ್ದೆಗೆಟ್ಟವನು, ನಾನು ಎರಡೆರಡು ಲೋಟ ಚಹಾ ನೆನೆಹಾಕಿ ಕುಡಿಯುವ ತನಕ ಒಮ್ಮೆಯೂ ಆಕಳಿಸದೆ, ಅತ್ತಿತ್ತ ಸರಿಯದೆ ಕೂತಿದ್ದ. ಅದನ್ನು ನಾನು ಲಕ್ಷ್ಯಕ್ಕೇ ತಂದುಕೊಂಡಿರಲಿಲ್ಲ. ಒಂದು ಗಳಿಗೆ ಕೂರಲಾರದ ನನ್ನಂಥವಳಿಗೆ ಅದರ ಬೆಲೆ ಬೇರೆಯವರು ಹೇಳಿಕೊಡಬೇಕಿತ್ತೇ?

ಎರಡನೆಯ ಸಲ ನೀರು ಹಾಕಿಸಿಕೊಟ್ಟೆ. "ಈಗ ಕುಡಿದು ನೋಡು," ಎಂದೆ. ಕುಡಿದಳು. ಈ ಸಲ ಮುಖ ಕಿವಿಚಲಿಲ್ಲ. ಒಳ್ಳೆಯದಿದೆ ಎಂದೂ ಅನ್ನಲಿಲ್ಲ. ಲೋಟ ಖಾಲಿ ಮಾಡಿ, ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡು, ಘಾಟ್‌ಕೋಪರಿಗೆ ಹೋಗುವ ಆಟೊ ಮಾಡಿಕೊಟ್ಟಳು. ಅಲ್ಲಿಂದ ಮೆಟ್ರೊ ಹಿಡಿದರೆ ಅಂಧೇರಿ, ದಾರಿ ತಪ್ಪಲು ಸಾಧ್ಯವೇ ಇಲ್ಲ ಎಂದಳು. ನನ್ನ ಮೇಲೆ ಅಷ್ಟು ನಂಬಿಕೆ ಇಡಬಾರದಿತ್ತು, ಆದರೆ ಅಂದು ತಪ್ಪಲಿಲ್ಲ.

ಮತ್ತೆ ಅಂಧೇರಿ

ಮೆಟ್ರೊ ತಣ್ಣಗಿತ್ತು. ಕಿಟಕಿಯ ಕೆಳಗೆ ಮನೆಗಳ ತಾರಸಿ, ನೀಲಿ ತಾಡಪತ್ರಿ, ಒಣಹಾಕಿದ ಬಟ್ಟೆ ಓಡುತ್ತಿದ್ದವು. ಖಾಲಿ ಸೀಟಿದ್ದರೂ ನಾನು ನಿಂತೇ ಇದ್ದೆ. ಶಾಂತವ್ವನಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಹತ್ತು ಥರ ಕಟ್ಟಿದೆ, ಹತ್ತನ್ನೂ ಒಡೆದೆ.

ಮೆಟ್ಟಿಲು ಹತ್ತಿ ಹೋದಾಗ ಮಧ್ಯಾಹ್ನ ಇಳಿದಿತ್ತು. ಪಡಸಾಲೆಯ ಪಕ್ಕದ ಮನೆಯವರು ಶಾವಿಗೆ ಒಣಹಾಕಿದ್ದರು, ಸೀರೆ ಎತ್ತಿ ದಾಟಿದೆ. ಶಾಂತವ್ವ ಬಾಗಿಲು ತೆರೆದು, ಆಶ್ಚರ್ಯವನ್ನು ಮುಖದಲ್ಲಿ ತೋರಗೊಡದೆ, "ಬರ್ರಿ ಅಕ್ಕಾರ," ಎಂದಳು. ಚಾಪೆ ಹಾಸಿದಳು. ಮಲ್ಲೇಶ ಕೆಲಸಕ್ಕೆ ಹೋಗಿದ್ದ. ಆರಾಮ ಇದ್ದೀರಾ, ಬಿಸಿಲು ಬಹಳ, ಹೀಗೆ ನಾಲ್ಕು ಮಾತಾದವು. ನೀರು ಕೊಟ್ಟಳು. ಚಹಾದ ಮಾತೆತ್ತಲಿಲ್ಲ. ಎತ್ತುವಂತೆಯೂ ಇರಲಿಲ್ಲ. ಒಮ್ಮೆ ಮುಟ್ಟದೆ ಎದ್ದವರ ಮುಂದೆ ಅದೇ ಮನೆಯವರು ಮತ್ತೆ ಕಪ್ಪು ಹಿಡಿಯುವುದೆಂದರೆ ತಾವಾಗಿ ತಲೆ ತಗ್ಗಿಸಿದಂತೆ. ಇನ್ನು ನನ್ನ ಕಡೆ, ಬೇರೆಯವರ ಮನೆಯಲ್ಲಿ ಚಹಾ ಕೊಡಿ ಎಂದು ಬಾಯಿ ಬಿಟ್ಟು ಕೇಳುವುದನ್ನು ನಮ್ಮವ್ವ ನಮಗೆ ಕಲಿಸಿಯೇ ಇರಲಿಲ್ಲ. ಕೇಳಿದವರನ್ನು ಅವಳು ಆಡಿಕೊಂಡು ನಗುತ್ತಿದ್ದಳು. ಇಬ್ಬರೂ ನಮ್ಮ ನಮ್ಮ ರೀತಿಯೊಳಗೆ ಸಿಕ್ಕಿಬಿದ್ದು ಚಾಪೆಯ ಅಂಚು ನೋಡುತ್ತ ಕೂತೆವು.

"ಶಾಂತವ್ವಾರ, ನಿನ್ನೆ ನಾ..." ಎಂದೆ.

"ಖೈರುನ್‌ಬಿ ಹೇಳಿದ್ಲ್ರಿ. ನಿಮಗ ಹಾಲು ಆಗಿ ಬರಂಗಿಲ್ಲಂತ." ದನಿಯಲ್ಲಿ ನಂಬಿಕೆಯ ಲವಲೇಶವಿರಲಿಲ್ಲ. ನನಗೆ ತಪ್ಪಿಸಿಕೊಳ್ಳಲು ದಾರಿ ಮಾಡಿಕೊಟ್ಟಿದ್ದಳು, ಅಷ್ಟೇ.

"ಖೈರುನ್‌ಬಿ ನನ್ನ ಮಾನಾ ಕಾಯಾಕ ಹೇಳ್ಯಾಳ," ಎಂದೆ. "ನನಗ ಹಾಲು ಆಗತೈತ್ರಿ. ಮನಸಿನ್ಯಾಗ ಸಂಶಯ ಇತ್ತು. ಹುಡುಗಂದು ರಾತ್ರಿ ಕೆಲಸ ಅಂತ ಹೆದರಿದ್ದೆ. ಅದನ್ನ ಹೇಳೂದು ಬಿಟ್ಟು ಡಬ್ಬಿ ತಗದೆ."

ಅವಳು ಮೊದಲ ಸಲ ನನ್ನನ್ನು ನೇರವಾಗಿ ನೋಡಿದಳು. "ಗೊತ್ತಿತ್ರಿ. ನೀವು ಅವನ ಕಣ್ಣು ನೋಡಾಕತ್ತಿದ್ರಿ. ಕುಡದಾನೋ ಏನೋ ಅಂತ ತಿಳಕೊಂಡಿರಿ ಅಂತ ನನ್ನ ಹೊಟ್ಟ್ಯಾಗ ಬೆಂಕಿ ಬಿತ್ತು. ನೀವು ಹೋದ ಮ್ಯಾಲೆ ಅಂವ ಏನಂದ ಗೊತ್ತೇನ್ರಿ? ಅವ್ವಾ, ಅವರದೇನು ತಪ್ಪಿಲ್ಲ, ಮಗಳಂಥಾಕಿನ ಕೊಡಾವ್ರು ವಿಚಾರ ಮಾಡಬೇಕು ಅಂದ."

ಕುಡಿತದ ಅನುಮಾನ ನನಗೆ ಬಂದಿರಲೇ ಇಲ್ಲ, ಆದರೆ ಆ ತಾಯಿ ನಿನ್ನೆಯಿಂದ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಬೆಂದಿದ್ದಳು. ಅವಳ ಕೈ ಹಿಡಿದುಕೊಂಡೆ. ಕೈ ಒರಟಾಗಿತ್ತು, ಬೆಚ್ಚಗಿತ್ತು.

"ನಿಮ್ಮ ಮಗ ಕುಂದ್ರೂ ಹುಡುಗ. ನಮ್ಮ ಸವಿತಾ ಹೇಳಿದ್ಲು," ಎಂದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ. ಅವಳು ಇನ್ನೂ ಏಳಲಿಲ್ಲ. ಅವಳು ಏಳಬೇಕಾದರೆ ನಾನು ಕೇಳಬೇಕಿತ್ತು.

"ಚಹಾ ಮಾಡ್ರಿ ಶಾಂತವ್ವಾರ," ಎಂದೆ. "ಹಾಲು ಹಾಕಿ."

ಶಾಂತವ್ವ ಮೊಣಕಾಲಿನ ಮೇಲೆ ಕೈಯೂರಿ ಎದ್ದು ಒಳಗೆ ಹೋದಳು. ಲೈಟರ್ ಟಿಕ್ ಟಿಕ್ ಎಂದಿತು. ಏಲಕ್ಕಿ ಕುಟ್ಟುವ ಸದ್ದು ಬಂತು. ಚಹಾ ಉಕ್ಕಿ, ಇಳಿದು, ಮತ್ತೆ ಉಕ್ಕಿತು. ಅದೇ ಹೊಸ ಕಪ್-ಬಸಿಯಲ್ಲಿ ತಂದು ನನ್ನ ಕೈಗೇ ಕೊಟ್ಟಳು. ಅಂಗೈ ಅಡ್ಡ ಬರಲಿಲ್ಲ.

ರುಚಿ ಹಿಡಿಸಿತು ಎಂದು ಸುಳ್ಳು ಬರೆಯಲಾರೆ. ಸಕ್ಕರೆ ಬಹಳ, ಹಾಲು ಗಟ್ಟಿ, ಎಲೆಯ ಸುಳಿವೇ ಇಲ್ಲ. ನಾಲಗೆಗೆ ಕೆನೆ ಅಂಟಿಕೊಂಡಿತು. ನನ್ನ ಹಸಿರು ಚಹಾದ ಮೇಲಿನ ಪ್ರೀತಿ ಆ ಗಳಿಗೆಯಲ್ಲೂ ಕಡಿಮೆಯಾಗಲಿಲ್ಲ, ಇಂದಿಗೂ ಆಗಿಲ್ಲ. ಆದರೆ ಒಂದು ಹನಿ ಬಿಡದೆ ಕುಡಿದೆ. ಗಡಿಬಿಡಿ ಮಾಡಲಿಲ್ಲ, ಕೂತು ಕುಡಿದೆ. ಶಾಂತವ್ವ ಎದುರಿಗೆ ನಿಂತು ನನ್ನ ಗಂಟಲನ್ನೇ ನೋಡುತ್ತಿದ್ದಳು. ಖಾಲಿ ಕಪ್ಪನ್ನು ನನ್ನ ಕೈಯಿಂದ ತೆಗೆದುಕೊಂಡು, ತಳ ನೋಡಿ, ಕಿಟಕಿಯ ಕಟ್ಟೆಯ ಮೇಲಿಟ್ಟಳು. ಅಲ್ಲೇ ಇದ್ದ ಮೊಬೈಲ್ ಎತ್ತಿ ಸೊಲ್ಲಾಪುರದವರ ನಂಬರ್ ಒತ್ತಿದಳು. ಆ ಕಡೆಯವರು ಎತ್ತಿದಾಗ ಸೆರಗು ಸರಿಮಾಡಿಕೊಂಡು, ದನಿ ಎತ್ತಿ, ಇಡೀ ಪಡಸಾಲೆಗೆ ಕೇಳುವಂತೆ ಹೇಳಿದಳು:

"ರವಿವಾರ ಬರೂದು ಬ್ಯಾಡ್ರಿ. ನಮ್ಮ ಬೀಗರು ಬಂದಾರ. ಚಹಾ ಆತು."